ಚಿಂದಿ ಕಟ್ಟಿದ ಹೀರೆಕಾಯಿ

ಬಾಗಿಲು ತೆರೆದರೆ, ಕಲ್ಯಾಣದುರ್ಗದಲ್ಲಿ ನಾವು ಬಿಟ್ಟುಬಂದ ಬಾಡಿಗೆ ಮನೆಗೆ ಆಮೇಲೆ ಬಂದ ಹೆಂಗಸು ನಿಂತಿದ್ದರು. ಕೈಯಲ್ಲಿ ಬಳ್ಳಿಯಲ್ಲೇ ಒಣಗಿದ ಹೀರೆಕಾಯಿ. ತೊಟ್ಟಿಗೆ ನನ್ನ ಹಳೇ ಸೀರೆಯ ಚಿಂದಿ. ಬೀಜಕ್ಕೆ ಬಿಟ್ಟ ಕಾಯಿಯನ್ನು ಯಾರೂ ಕೀಳದಿರಲೆಂದು ಮನೆ ಬಿಡುವ ಮುನ್ನ ನಾನೇ ಕಟ್ಟಿದ್ದೆ.

“ಬೀಜಕ್ಕೆ ಅಂತ ಗುರುತು ಕಟ್ಟಿದ್ರಲ್ಲಕ್ಕ, ನಾವೆಂಗೆ ಕಿತ್ಕಂಡು ತಿನ್ನಾದು? ಯುಗಾದಿ ಬಂತು, ಹಾಕ್ಕಳ್ಳಿ ಅಂತ ತಂದೆ.”

ಕಾಯಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಆ ಹಿತ್ತಲಿನ ಎಳೇ ಹೀರೆಕಾಯಿ ಪಲ್ಯ, ಬಿಸಿ ಮುದ್ದೆ ಕಣ್ಮುಂದೆ ಬಂದವು.

ಹಿಂದೂಪುರದ ಈ ಬೀದಿಯ ಹೊಂಗೆಮರವೂ ಚಿಗುರಿದೆ. ನಮ್ಮ ಮಹಡಿಮನೆಯಲ್ಲಿ ಮಾತ್ರ ಹಿಡಿ ಮಣ್ಣಿಲ್ಲ. ಕುಂಡ ಇಟ್ಟರೆ ತಾರಸಿ ಸೋರುತ್ತದೆಂದು ಮನೆಯೊಡೆಯರು ಬೇಡವೆಂದಿದ್ದಾರೆ. ಆಗಾಗ ಆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಬೀಜಗಳು ಗಲಗಲ ಎನ್ನುತ್ತವೆ, ನೆಲ ಎಲ್ಲಿ ಎಂದು ಕೇಳಿದ ಹಾಗೆ.