ಕೌದಿಯ ಕೆಳಗಿನ ಇಳಕಲ್ ಸೀರೆ

ನನ್ನ ಮೊಮ್ಮಗಳು ಹಾವೇರಿಯಲ್ಲಿ ಜೀವಶಾಸ್ತ್ರ ಓದುತ್ತಾಳೆ. ಮ್ಯಾಟ್ರಿಕ್‌ಗೆ ನಿಂತ ನನಗೆ ಪಾಠ ಹೇಳುವುದೆಂದರೆ ಅವಳಿಗೆ ಬಲು ಖುಷಿ. ಹೋದ ರಜೆಯಲ್ಲಿ ಹಿರೇಕೆರೂರಿನ ನಮ್ಮ ಮನೆಗೆ ಬಂದವಳು ಕೇಳಿದಳು:

"ಅಜ್ಜಾ, ನಿನ್ನ ಮೈತುಂಬ ಎಲ್ಲಾ ಕಡೆ ಜೀನು ಒಂದಽ ನಮೂನಿ. ಹಂಗಾದ್ರ ಅಂಗಾಲಿನಾಗ ಯಾಕ ಮೀಸಿ ಬರಂಗಿಲ್ಲ?"

"ಬಂದಿದ್ರ ಅದಕ್ಕೂ ಎಣ್ಣಿ ಹಚ್ಚಿ ತಿರುವ್ತಿದ್ರು," ಎಂದಳು ಹೆಂಡತಿ.

"ಜೀನು ಇದ್ರ ಸಾಲಂಗಿಲ್ಲಜ್ಜಾ, ಎಲ್ಲಿ ಐತಿ ಅನ್ನೋದೂ ಮುಖ್ಯ. ಜೀನು ಇರೋ ಡಿಎನ್‌ಎ ಎಳಿ ಪ್ರೋಟೀನಿಗೆ ಸುತ್ತಿಕೊಂಡು ಕುಂತಿರತೈತಿ. ಅದಕ್ಕ ಕ್ರೊಮ್ಯಾಟಿನ್ ಅಂತಾರ. ಸಡಿಲ ಇದ್ದಲ್ಲಿ ಜೀನು ಕೆಲಸ ಮಾಡತೈತಿ. ಬಿಗಿ ಮಡಿಕ್ಯಾಗ ಇದ್ರ ಇದ್ದೂ ಸುಮ್ನಿರತೈತಿ. ಕೆಲಸ ಮಾಡೋ ಜೀನನ್ನ ಒಯ್ದು ಅಂಥ ಮಡಿಕಿ ಪಕ್ಕ ಇಟ್ರೂ ಗಪ್ ಆಗಬಹುದು."

ತಿಳಿಯಲಿಲ್ಲ ಎಂದ ತಪ್ಪಿಗೆ, ಅಜ್ಜಿಯ ಟ್ರಂಕನ್ನು ನಡುಮನೆಗೆ ಎಳೆದು ತಂದಳು. "ಮ್ಯಾಲಿನ ಸೀರಿ ದಿನಾ ಉಡೋವು. ಇದು ಸಡಿಲ ಜಾಗ." ತಳದಲ್ಲಿ ನನ್ನ ಅತ್ತೆ ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿ ಇತ್ತು. ತಾಯಿಯ ಕೈಮಡಿಕೆ ಕೆಡಬಾರದೆಂದು ಹೆಂಡತಿ ಅದನ್ನು ಎಂದೂ ಎತ್ತುತ್ತಿರಲಿಲ್ಲ. "ಇದು ಬಿಗಿ ಜಾಗ."

"ಎತ್ತಬ್ಯಾಡವಾ, ಧೂಳ ಐತಿ," ಎಂದೆ.

ಎತ್ತಿಯೇ ಬಿಟ್ಟಳು. ಅಡಿಯಲ್ಲಿ ಹೆಂಡತಿಯ ಕಳೆದುಹೋಗಿದ್ದ ಹಸಿರು ಇಳಕಲ್ ಸೀರೆ.

ಆ ಸೀರೆಯನ್ನು ಹಂಸಭಾವಿಯ ನನ್ನ ಅಕ್ಕನೇ ಒಯ್ದಿದ್ದಾಳೆಂದು ಹೆಂಡತಿ ಎಷ್ಟೋ ವರ್ಷಗಳ ಹಿಂದೆ ಮುಖದ ಮೇಲೆ ಅಂದಿದ್ದಳು. ಅಕ್ಕ ಚಹಾ ಮುಟ್ಟದೆ ಎದ್ದು ಹೋದಳು, ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಿಜವೆಂದರೆ, ಹೆಂಡತಿ ಶಿಗ್ಗಾವಿಯ ತವರಿಗೆ ಹೋದಾಗ ರುಮಾಲು ಹುಡುಕುತ್ತ ಟ್ರಂಕು ಬರಿದು ಮಾಡಿ, ಕೈಗೆ ಸಿಕ್ಕಂತೆ ತುಂಬಿದವನು ನಾನು. ಸೀರೆ ಆಗಲೇ ಕೌದಿಯ ಅಡಿ ಸೇರಿದ್ದು ಜಗಳದ ಮರುದಿನವೇ ನೆನಪಾಗಿತ್ತು. ಬೈಗುಳ ಹೇಗೂ ಅಕ್ಕನ ಕಡೆ ಹೊರಟಿತ್ತು. ಅದನ್ನು ನನ್ನ ಕಡೆ ತಿರುಗಿಸಿಕೊಳ್ಳುವ ಧೈರ್ಯ ಬರಲಿಲ್ಲ.

ಈಗ ಎಲ್ಲ ಹೇಳಿದೆ. ಹೆಂಡತಿ ಆ ಸೀರೆಯ ಸೆರಗು ನೀವಿ ಮೊಮ್ಮಗಳ ಕಡೆ ತಿರುಗಿದಳು.

"ನಿಮ್ಮಜ್ಜನೊಳಗ ಖರೇ ಮಾತಾಡೋ ಜೀನು ಐತೇನು ನೋಡವಾ. ಬರೇ ಮೀಸಿ ಜೀನಷ್ಟ ದುಡಿಯಾಕತ್ತೈತಿ."

"ಐತಜ್ಜಿ. ಕೌದಿ ಕೆಳಗಿತ್ತು."

ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಹಂಸಭಾವಿಗೆ ಹೋದೆವು. ಹೆಂಡತಿ ಸೀರೆಯನ್ನು ಅಕ್ಕನ ಮಡಿಲಿಗೆ ಇಟ್ಟು ಕಾಲಿಗೆ ಬಿದ್ದಳು. "ತಪ್ಪು ನಂದು, ಅಕ್ಕಾ," ಎಂದು ನಾನು ನಡೆದದ್ದನ್ನು ಹೇಳಿದೆ.

ಅಕ್ಕ ಕಣ್ಣೊರೆಸಿಕೊಂಡು ಅವಳನ್ನು ಎಬ್ಬಿಸಿದಳು. "ಒಳಗ ಬಾರವಾ, ಚಹಾ ಕುಡಿಯೋಣು. ಇವ ಕಟ್ಟಿ ಮ್ಯಾಲ ಕುಂದರ್ಲಿ."

ಕುಳಿತೆ. ಒಳಗೆ ಇಬ್ಬರೂ ನನ್ನನ್ನು ಬೈಯುತ್ತ ನಗುತ್ತಿದ್ದರು. ಚಹಾ ಮಾತ್ರ ಹೊರಗೆ ಬರಲಿಲ್ಲ. ಕೇಳುವ ಬಾಯಿ ನನಗೂ ಇರಲಿಲ್ಲ.