ಕೌಂಟರಿನ ಮುಂದೆ ನಾಮಕರಣ

"ಸಂಬಳ ಆಗಿಲ್ಲ ಅಂತ ಪೈಲೆಟ್‌ಗಳು ಸ್ಟ್ರೈಕ್ ಮಾಡ್ತಿದ್ದಾರೆ ಅಜ್ಜಿ, ಪುಣೆ ವಿಮಾನ ಇವತ್ತು ಹೋಗಲ್ಲ" ಎಂದಳು ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ. ಮಧ್ಯಾಹ್ನ ಪುಣೆಯಲ್ಲಿ ಮೊಮ್ಮಗಳ ನಾಮಕರಣ. ನಮ್ಮ ಮನೆಯಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಅಜ್ಜಿಯೇ. ಅದಕ್ಕೆಂದೇ ಲಗ್ಗೆರೆಯಿಂದ ಕತ್ತಲಲ್ಲೇ ಹೊರಟು ಬಂದು, ಬೆಳಗ್ಗೆ ಆರರಿಂದ ಕಾಯುತ್ತಿದ್ದೆ.

ನಾನು ಬಿಡ್ತೀನಾ? ಮುಹೂರ್ತದ ಹೊತ್ತಿಗೆ ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದೆ. "ಮುಹೂರ್ತ ಮೀರಿಸಬೇಡ ಕಣೇ. ಕೂಸಿನ ಕಿವಿಗೆ ಫೋನ್ ಹಿಡಿ, ಇಲ್ಲಿಂದಲೇ ಹೇಳ್ತೀನಿ" ಅಂದೆ. ಹೇಳಿದೆ. "ಅಮ್ಮಾ, ಬರೀ ಗಲಾಟೆ ಕೇಳಿಸ್ತಿದೆ" ಅಂದಳು.

ಗಲಾಟೆ ಅಂದರೆ, ಜನವೆಲ್ಲ ಸೇರಿ ಆ ಕೌಂಟರಿನ ಹುಡುಗಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಪಾಪ, ಅವಳಿಗೂ ಸಂಬಳ ಆಗಿರಲಿಲ್ಲವಂತೆ. ನನ್ನ ಪೇಚಾಟ ನೋಡಿದವಳೇ ಕುರ್ಚಿ ಹತ್ತಿ ನಿಂತು ಕೂಗಿದಳು: "ಎರಡು ನಿಮಿಷ ಸುಮ್ಮನಿರಿ ಸಾರ್, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಈ ಅಜ್ಜಿ ಮೊಮ್ಮಗಳಿಗೆ ಹೆಸರಿಡಬೇಕು!"

ಎಲ್ಲರೂ ಗಪ್‌ಚಿಪ್. ನಾನು ಗಂಟಲು ಸರಿಮಾಡಿಕೊಂಡು "ಸಿರಿ, ಸಿರಿ, ಸಿರಿ" ಅಂದೆ. ಅತ್ತ ಕೂಸು ಕಿಟಾರನೆ ಕಿರುಚಿತು. ಇತ್ತ ಬೈಯುತ್ತಿದ್ದವರೆಲ್ಲ ಚಪ್ಪಾಳೆ ಹೊಡೆದರು.

ಮಾರನೇ ದಿನ ಯಶವಂತಪುರದಲ್ಲಿ ರೈಲು ಹತ್ತಿ ಪುಣೆಗೆ ಬಂದೆ. ಸಿರಿಯನ್ನು ಮಡಿಲಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೆಸರಿಡಿಸಿದ ಆ ಹುಡುಗಿಯ ಹೆಸರನ್ನೇ ಕೇಳದೆ ಬಂದುಬಿಟ್ಟೆ ನೋಡಿ. ವಾಪಸ್ ಊರು ಸೇರಿದವಳೇ ಆ ಕೌಂಟರಿಗೆ ಹೋಗಿ ಕೇಳಿಯೇ ತೀರುತ್ತೇನೆ.