ಮೀಟಿಂಗಿಗೆ ಬಾರದ ಬೈರಮ್ಮ

ನನ್ನಮ್ಮ ಬೈರಮ್ಮನಿಗೆ ಒಂದು ಮಾತು ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಯಿತು. ಅಣ್ಣ ನರೇಂದ್ರ ಬಾಗಲೂರಿನ ಹತ್ತಿರ ಕುಡಿತ ಬಿಡಿಸುವ ಕೇಂದ್ರದಲ್ಲಿ ಮೂರು ತಿಂಗಳಿದ್ದು ಕೋಗಿಲಿನ ನಮ್ಮ ಮನೆಗೆ ಬಂದ. ಇನ್ನು ಪ್ರತಿ ತಿಂಗಳ ಎರಡನೇ ಭಾನುವಾರ ಮನೆಯವರೆಲ್ಲ ಕೇಂದ್ರದ ಮೀಟಿಂಗಿಗೆ ಬರಬೇಕು, ಒಬ್ಬನೇ ಬಿಟ್ಟರೆ ಮತ್ತೆ ಜಾರುತ್ತಾನೆ ಅಂತ ಅಲ್ಲಿಯವರು ಒತ್ತಿ ಹೇಳಿದ್ದರು.

"ವಾಸಿ ಆದ್ಮೇಲೆ ಇನ್ನೇನೇ ಮೀಟಿಂಗು? ಕುಡ್ದಿದ್ದು ಅವ್ನು, ಪಾಠ ನಂಗಾ?" ಅಂದಳು ಅಮ್ಮ.

ಒಂದು ತಿಂಗಳು ಮಂಡಿನೋವು. ಇನ್ನೊಂದು ತಿಂಗಳು ಯಾರದೋ ಗೃಹಪ್ರವೇಶ. ಮತ್ತೊಮ್ಮೆ ನೀರಿನ ಟ್ಯಾಂಕರ್ ಬರುತ್ತೆ, ಮನೆಯಲ್ಲಿ ಯಾರಿರ್ತಾರೆ ಅನ್ನುವ ರಾಗ. ಬೀದಿ ಜಗಳವೆಲ್ಲ ಬಿಡಿಸುವ ಹೆಂಗಸು, ಬಾಡಿಗೆಯವರನ್ನು ಕಣ್ಣಲ್ಲೇ ನಡುಗಿಸುವವಳು, ಮಗನ ಪಕ್ಕ ಒಂದು ಗಂಟೆ ಕುರ್ಚಿಯಲ್ಲಿ ಕೂರಲಾರಳೇ? ಏಳು ತಿಂಗಳು ನಾನೂ ಅಣ್ಣನೂ ಇಬ್ಬರೇ ಹೋದೆವು.

ಇಷ್ಟು ಸಾಲದು ಅಂತ ಪಕ್ಷದ ಹಬ್ಬ ಬಂತು. ಸತ್ತ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವುದು, ಆಮೇಲೆ ಅದನ್ನೇ ಪ್ರಸಾದ ಅಂತ ಮನೆಯವರು ತೆಗೆದುಕೊಳ್ಳುವುದು ನಮ್ಮಲ್ಲಿ ಪದ್ಧತಿ. ಮುದ್ದೆ, ಕೋಳಿಸಾರಿನ ಪಕ್ಕದಲ್ಲಿದ್ದ, ತೀರಿಕೊಂಡ ಅಪ್ಪನ ಲೋಟಕ್ಕೆ ಅಮ್ಮ ಬ್ರಾಂದಿ ಸುರಿದಳು. ಕರ್ಪೂರ ಹಚ್ಚಬೇಕಾಗಿದ್ದ ಅಣ್ಣ ಬೆಂಕಿಪೊಟ್ಟಣ ಹಿಡಿದು ಆ ಲೋಟವನ್ನೇ ನೋಡುತ್ತ ನಿಂತ.

ನನಗೆ ಮೈಯೆಲ್ಲ ಉರಿದುಹೋಯಿತು. "ಅಮ್ಮಾ, ತಲೆ ನೆಟ್ಟಗಿದ್ಯಾ ನಿಂಗೆ? ಮೀಟಿಂಗಿಗೆ ಒಂದ್ಸಲ ಬಂದಿದ್ರೆ ಗೊತ್ತಾಗಿರೋದು!"

"ಬಂದ್ರೆ ಕೇಳ್ತಾರಲ್ಲೇ," ಅಂದಳು ಅಮ್ಮ, ಇದ್ದಕ್ಕಿದ್ದಂತೆ ಕುಸಿದು ಕೂತು. "ಮೊದಲ್ನೇ ಸಲ ಇವನ ಬಾಯಿಗೆ ಆಕ್ದೋರು ಯಾರು ಅಂತ. ತಾತನ ಎಡೆಯಿಂದ ಬಾಟ್ಲಿ ಮುಚ್ಚಳದಾಗೆ ಬ್ರಾಂದಿ ಕೊಟ್ಟೋಳು ನಾನೇ ಕಣೇ. ಅನ್ನೆರಡು ವರ್ಸ ಇವನಿಗೆ. ಪ್ರಸಾದ, ಬ್ಯಾಡ ಅನ್ಬಾರ್ದು ಅಂದಿದ್ದೆ."

ಅಣ್ಣ ಬೆಂಕಿಪೊಟ್ಟಣ ಕೆಳಗಿಟ್ಟ. "ಅದನ್ನ ಅಲ್ಲಿ ಮೊದಲ್ನೇ ವಾರಾನೇ ಹೇಳಿದೀನಮ್ಮ. ಯಾರೂ ನಿನ್ನ ಬೈಲಿಲ್ಲ. ನೀನು ಬಂದು ಪಕ್ಕದಲ್ಲಿ ಕೂತ್ಕೋ, ಸಾಕು."

ಅಮ್ಮ ಎದ್ದು ಲೋಟದಲ್ಲಿದ್ದದ್ದನ್ನು ಬಚ್ಚಲಿಗೆ ಸುರಿದು, ಲೋಟ ತೊಳೆದು, ಕಾಫಿ ಹಾಕಿ ತಂದಿಟ್ಟಳು. ಅಪ್ಪ ಜೀವಮಾನದಲ್ಲಿ ಕಾಫಿ ಮುಟ್ಟಿದವನಲ್ಲ. "ಈಗ ಕುಡೀಲಿ ಬಿಡು," ಅಂದಳು.

ಮುಂದಿನ ಮೀಟಿಂಗ್ ಇದ್ದದ್ದು ಹನ್ನೊಂದಕ್ಕೆ. ಅಮ್ಮ ಏಳಕ್ಕೇ ಸೀರೆ ಉಟ್ಟು ಜಗಲಿಯಲ್ಲಿ ಕೂತು, ತಡ ಮಾಡ್ತೀಯ ಅಂತ ನನ್ನನ್ನೇ ಬೈಯುತ್ತಿದ್ದಳು. ಒಂದು ಕೈ ಅಣ್ಣನ ಶರಟಿನ ತೋಳನ್ನು ಹಿಡಿದುಕೊಂಡೇ ಇತ್ತು.